ಕೊಬ್ಬರಿ ಎಣ್ಣಿ

ಸುಟ್ಟಗಾಯದ ವಾರ್ಡಿನಾಗ ಕನ್ನಡಿ ಇಡೂದಿಲ್ಲ.
ಬಾಗಲದ ಗಾಜಿಗೂ ಹಳೇ ಪೇಪರ್ ಹಚ್ಚಿಸ್ಯಾಳ
ವಿನೋದಿನಿ ಅಕ್ಕಾ. ಅದು ಪರದೆ ಮ್ಯಾಲಿನ ಹೆಸರು;
ರೇಷನ್ ಕಾರ್ಡಿನಾಗ
ಶಾವಂತ್ರೆವ್ವ ಗುರುಪಾದಪ್ಪ ಅಣ್ಣಿಗೇರಿ.

ಬುಧವಾರ, ಶನಿವಾರ
ಗದಗಿನಿಂದ ಹುಬ್ಬಳ್ಳಿಗೆ ಪ್ಯಾಸೆಂಜರ್ ಗಾಡಿಗೆ ಬರ್ತಾಳ,
ಕೈಯಾಗ ಆ ಕಾಲದ್ದ ಮೇಕಪ್ ಡಬ್ಬಿ,
ಒಳಗ ಬ್ಯಾಂಡೇಜು, ಮೆತ್ತನ ಹಳೇ ಲಂಗ,
ಉಗುರು ಕತ್ತರಿ, ಒಂದು ಸೀಸೆ ಕೊಬ್ಬರಿ ಎಣ್ಣಿ.
ಇಪ್ಪತ್ತೇಳು ಸಿನಿಮಾದ ರೊಕ್ಕ
ಮುಲಾಮಿಗೆ ಹೋತು, ವಕೀಲಗ ಹೋತು.

ನಾ ಇಲ್ಲಿ ಆಯಾ. ಹತ್ತೊಂಬತ್ತು ವರ್ಷ.

ನಿನ್ನೆ ಮೂರನೇ ಮಂಚದ ಕುಸುಮಾ,
ಹೆಬಸೂರಿನ ಹುಡುಗಿ, “ಸ್ಟೋ ಸಿಡೀತ್ರಿ” ಅಂತ
ಪೊಲೀಸರ ಮುಂದ ಮೂರು ಸಲ ಹೇಳಿದಾಕಿ,
ಕೇಳಿದಳು:
“ಅಕ್ಕಾ, ಸಿನಿಮಾದಾಗ ನಿಂದೂ ಮುಖಾ ಸುಟ್ಟಿತ್ತಂತಲ್ಲ?”
“ಹೂಂ. ಆ ಬಣ್ಣಾ ಹಚ್ಚಾಕ ಮೂರು ತಾಸು.”
“ತಗ್ಯಾಕ?”
ಅಕ್ಕಾ ಸೀಸೆ ಮುಚ್ಚಳ ತಿರುವಿದಳು, ತಿರುವಿದಳು.
“ಹತ್ತು ನಿಮಿಷ. ಇದ ಎಣ್ಣಿ.”
ಕುಸುಮಾ ನಗಾಕ ಹೋದಳು.
ನಗಿ ತುಟೀಗೆ ಒಂದ ಕಡೆ ಅಷ್ಟ ಬಂತು.

ಆಮ್ಯಾಲೆ ನಳದ ಹತ್ರ
ಭಾಳ ಹೊತ್ತು ಕೈ ತೊಳಕೊಂಡಳು ಅಕ್ಕಾ.
ನೀರು ಹೋದರೂ ಉಜ್ಜತಾನ ಇದ್ದಳು.
“ಆ ಸಿನಿಮಾ ನೀ ನೋಡಿದ್ಯೇನು?”
ನನ್ನ ಕಡೆ ನೋಡಲಿಲ್ಲ.

ನೋಡಿದ್ದೆ. ಪರದೆಗೆ ಹತ್ತಿದ ನೆಲದ ಕ್ಲಾಸು,
ಹಿರೇಮಗಳು ಹೊಟ್ಟ್ಯಾಗಿದ್ದಳು,
ಸೆರಗು ತೊಯ್ಯೂ ಹಂಗ ಅತ್ತಿದ್ದೆ
ಆ ಬಣ್ಣಾನ ಖರೇ ಅಂತ ತಿಳದು.

“ಇಲ್ರಿ,” ಅಂದೆ.
ಬಕೀಟು ಎತ್ತಿಕೊಂಡು ಒಳಗ ಹೋದೆ.