ಏಳು

ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು
ಅಂತಿದ್ದಳು ಗದುಗಿನ ನಮ್ಮಜ್ಜಿ, ರೊಟ್ಟಿ ಬಡಿಯುತ್ತ.
ನಾನು ಕೂತೇ ದುಡಿದೆ, ಅಜ್ಜಿ.
ಮೂವತ್ತೊಂದು ವರ್ಷ, ಹಡರ್ಸ್‌ಫೀಲ್ಡಿನ ಡಬಲ್ ಡೆಕ್ಕರಿನಲ್ಲಿ
ಚಕ್ರ ನಡೆದವು, ನಾನು ಕೂತಿದ್ದೆ.
ಆಲ್ಮಂಡ್‌ಬರಿಯ ಏರನ್ನು ದಿನಕ್ಕೆ ಎಷ್ಟು ಸಲ ಹತ್ತಿದೆನೋ
ಒಂದು ಹೆಜ್ಜೆಯನ್ನೂ ಎತ್ತಿಡದೆ.

ಹತ್ತಿದವನು ಎಗ್ಬರ್ಟ್.
ನನ್ನ ಕಂಡಕ್ಟರು, ಗ್ರೆನಡಾದ ಮೀನುಗಾರನ ಮಗ.
ಅವನ ಬೂಟು ನನ್ನ ನೆತ್ತಿಯ ಮೇಲೆ ದಿನವಿಡೀ
ಡಬಡಬ ಓಡಾಡುತ್ತಿತ್ತು,
ಒದ್ದೆ ಕೊಡೆಗಳ ನಡುವೆ, ಸಿಗರೇಟಿನ ಹೊಗೆಯ ನಡುವೆ,
ಚಿಲ್ಲರೆ ಎಣಿಸುತ್ತ.
ಗಂಟೆ ಒಂದು ಸಲ ಹೊಡೆದರೆ ನಿಲ್ಲು.
ಎರಡು ಸಲ ಹೊಡೆದರೆ ಹೊರಡು.
ಮೊದಲ ವರ್ಷ ನಮ್ಮಿಬ್ಬರಿಗೆ ಅಷ್ಟೇ ಭಾಷೆ,
ನಡುವೆ ಒಂದು ಗಾಜು.

ಆಮೇಲೆ ಕಂಡಕ್ಟರುಗಳನ್ನೇ ತೆಗೆದರು.
ಟಿಕೆಟ್ಟೂ ನಾನೇ ಕೊಟ್ಟೆ, ಕೂತೇ.

ಈಗ ಕಿಟಕಿಯ ಪಕ್ಕ ನನಗೊಂದು ಕುರ್ಚಿ.
ಗುಂಡಿ ಒತ್ತಿದರೆ ಕಾಲು ತಾನೇ ಮೇಲಕ್ಕೆ.
ಅದರ ಸ್ಪಂಜಿನಲ್ಲಿ ನನ್ನದೇ ಅಳತೆಯ ತಗ್ಗು.
ನೀವಿಲ್ಲದಾಗಲೂ ಅಲ್ಲಿ ಕೂತೇ ಇರ್ತೀರಿ,
ಅನ್ನುತ್ತಾಳೆ ಕಾಶವ್ವ, ಧೂಳು ಹೊಡೆಯುತ್ತ.
ಬೆಳಿಗ್ಗೆ ಸುದ್ದಿ, ಮಧ್ಯಾಹ್ನ ಸ್ನೂಕರು, ಸಂಜೆ ಕ್ವಿಜ್ಜು.
ಕಾಲಿಗೆ ಜೋಮು ಹಿಡಿದರೆ
ಚಾನೆಲ್ ಬದಲಿಸುತ್ತೇನೆ.
ಸಕ್ಕರೆ ಏರಿದೆ, ಅಂದಳು ನರ್ಸು.
ಇಷ್ಟು ವರ್ಷದಲ್ಲಿ ನನ್ನೊಳಗೆ ಏರಿದ್ದು ಅದೊಂದೇ.

ಗುರುವಾರ ಚರ್ಚಿನ ಹಾಲಿಗೆ ಕಳಿಸಿದರು.
ಸಾಲಾಗಿ ಪ್ಲಾಸ್ಟಿಕ್ ಕುರ್ಚಿ, ಕೈ ಇಲ್ಲದವು.
ಎದೆಯ ಮೇಲೆ ತೋಳು ಕತ್ತರಿ ಹಾಕಿ
ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಏಳುತ್ತೀರಿ ನೋಡೋಣ,
ಅಂದಳು ಸ್ಟಾಪ್‌ವಾಚಿನ ಹುಡುಗಿ.
ಮೊದಲ ಮೂರು ಬರೀ ಪೌರುಷ.
ನಾಲ್ಕಕ್ಕೆ ತೊಡೆ ನಡುಗಿತು.
ಐದಕ್ಕೆ ಕುರ್ಚಿ ಹಿಂದಿನಿಂದ ಅಂಗಿ ಹಿಡಿದೆಳೆಯಿತು.
ಆರು. ಅಯ್ಯೋ.
ಏಳು.
ಬರೆದುಕೊಂಡಳು: 7.
ವಯಸ್ಸಿಗೆ ಕಡಿಮೆ, ಅಂದಳು ಮೆಲ್ಲಗೆ.
ಅವಳಿಗೇನು ಗೊತ್ತು, ಅವಳು ಬರೆದದ್ದು
ನಮ್ಮ ಮನೆಯಲ್ಲಿ ಬೆಳಿಗ್ಗೆ ಹುಡುಗರ ಹೊದಿಕೆ ಎಳೆದು
ಹೇಳುವ ಮಾತು.

ಮೂಲೆಯಲ್ಲಿ ಯಾರೋ ನಕ್ಕರು.
ಎಂಬತ್ತೊಂದರ ಎಗ್ಬರ್ಟ್! ಎರಡೂ ಮಂಡಿ ಲೋಹದವು,
ಹಳೆಯವನ್ನು ಹತ್ತಿ ಇಳಿದು ಸವೆಸಿದ್ದ.
ಅವನ ಲೆಕ್ಕ ಹದಿಮೂರು.
ನಿನ್ನ ಮಂಡಿ ಹೊಚ್ಚ ಹೊಸದು, ಡ್ರೈವರ್,
ಪೊಟ್ಟಣವನ್ನೇ ಬಿಚ್ಚಿಲ್ಲ ನೀನು, ಅಂದ.

ಹೊರಗೆ ಬಂದರೆ ಎದುರಿಗೇ ಬಸ್ ಸ್ಟಾಪು.
ಮನೆ ಮೂರು ಸ್ಟಾಪು ಆಚೆ, ಪೂರಾ ಏರು.
ಇಬ್ಬರ ಜೇಬಿನಲ್ಲೂ ಪುಕ್ಕಟೆ ಪಾಸು.
ಬಸ್ಸು ಬಂತು, ಉಸ್ಸೆಂದು ಬಾಗಿಲು ತೆರೆಯಿತು.
ಹೋಗಲಿ ಬಿಡು, ಅಂದ ಎಗ್ಬರ್ಟ್.
ಹೋಯಿತು.

ಅರ್ಧ ಏರಿಗೆ ಒಂದು ಬೆಂಚು ಕಂಡಿತು. ಕೂತೆ.
ಬೆವರು, ಎದುಸಿರು, ಕೆಳಗೆ ಊರಿನ ಹೆಂಚುಗಳೆಲ್ಲ ಒದ್ದೆ.
ಅವನು ಕೂರಲಿಲ್ಲ, ಬಯ್ಯಲೂ ಇಲ್ಲ.
ಸ್ವಲ್ಪ ಹೊತ್ತು ಬಿಟ್ಟು
ಜೇಬಿನಿಂದ ನಾಣ್ಯ ತೆಗೆದು
ಬೆಂಚಿನ ಕಬ್ಬಿಣಕ್ಕೆ ಹೊಡೆದ.
ಟಣ್.
ಟಣ್.