ಗವರ್ನರಿನ ತೊಗಲು

ಶಹಾಬಾದಿನ ರೈಲುಗೇಟು ದಾಟಿದರೆ
ಲಾಡ್ಲೇಸಾಬನ ತಗಡಿನ ನೆರಳು.
ಅದರಡಿ ನಮ್ಮ ಹಳೇ ಇಂಟರ್‌ನ್ಯಾಷನಲ್.
ಕೆಂಪು ಉಳಿದಿರುವುದು ಬಾನೆಟ್ಟಿನ ಒಳಮೈಯಲ್ಲಿ ಮಾತ್ರ.

ಚಾಲೂ ಮಾಡಿದರೆ ಒಂದೇ ಸಮ ನಿಲ್ಲದು,
ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ,
ಸಿಟ್ಟು ನುಂಗಿ ಕೂತವರ ಎದೆಯ ಹಾಗೆ.
ನಾನು ಥ್ರಾಟಲ್ಲಿಗೆ ಕೈ ಹಚ್ಚಿಲ್ಲ, ಆಣೆ.
ಮೊನ್ನೆ ತೊಗರಿ ರಾಶಿಯ ನಡುವೆ ಹೀಗೇ ಒಮ್ಮೆಲೇ ಏರಿ
ಪಟ್ಟಾ ಕಳಚಿ ಹಾರಿತು, ಮೈದುನನ ತಲೆಯ ರುಮಾಲು ಕಿತ್ತುಕೊಂಡು
ಹೊಟ್ಟಿನ ಗುಡ್ಡೆಯೊಳಗೆ ಬಿತ್ತು.
ರುಮಾಲಷ್ಟೇ ಹೋಯಿತಲ್ಲ ಎಂದು ಅತ್ತೆ ಕಾಯಿ ಒಡೆದಳು.

"ಯಾರ್ ಮುಟ್ಯಾರಿದಕ್ಕ?"
ದೊಡ್ಡ ಸ್ಕ್ರೂವಿನ ತಂತಿ ಕಡಿದಿದೆ, ಸೀಸದ ಸೀಲು ಇಲ್ಲ.
ಮೈದುನ ಸೂಗಪ್ಪ ರೈಲು ಹಳಿ ನೋಡುತ್ತಾನೆ.
"ಜರಾ ಜೋರ್ ಓಡ್ಲಿ ಅಂತ..."
"ಜೋರ್ ಬೇಕಂದ್ರ ಮೋಟರ್‌ಸೈಕಲ್ ತಗೋ."

ಸ್ಕ್ರೂಡ್ರೈವರಿನ ಮೊನೆ ಪಂಪಿನ ಮೇಲೆ, ಹಿಡಿಕೆ ಕಿವಿಗೆ.
ಬಲಗಿವಿಗೆ ಮಾತ್ರ. ಎಡಗಿವಿಯ ತಮಟೆ
ಕಲ್ಲುಗಣಿಯ ಮದ್ದಿಗೆ ಹರಿದು ನಲವತ್ತು ವರ್ಷ.
ಅಷ್ಟರಲ್ಲಿ ಸಿಮೆಂಟಿನ ಗೂಡ್ಸ್ ಬಂತು.
ಕಣ್ಣು ಮುಚ್ಚಿ, ಬಗ್ಗಿದವನು ಬಗ್ಗಿದಂತೆಯೇ ಕಾದ.
ಐವತ್ತೆಂಟು ಡಬ್ಬಿ. ನಾನು ಎಣಿಸಿದೆ.
ಕೊನೆಯದು ದಾಟಿದ ಮೇಲೆ ಅಂದ:
"ಉಸಿರು ಸೋರ್ಲಿಕತ್ತಾದ."

ಬಿಚ್ಚಿದ. ಪಂಪಿನ ಬೆನ್ನಿಗಂಟಿದ ಕರಡಿಗೆಯೊಳಗೆ
ಅಂಗೈಯಗಲ ಚರ್ಮ.
ಮದುವೆಯಾಗಿ ಬಂದಾಗಿನಿಂದ ಈ ಗಾಡಿ ಹೊಡೆದಿದ್ದೇನೆ,
ಇಷ್ಟು ಕಬ್ಬಿಣದ ನಡುವೆ ಒಂದು ತೊಗಲು ಕೂತಿದೆಯೆಂದು
ಯಾರೂ ಹೇಳಿರಲಿಲ್ಲ.
ಇಂಜಿನ್ನು ಗಾಳಿ ಎಳೆದಾಗ ಅದು ಹಿಂದೆ ಸರಿದು
ಡೀಸೆಲ್ಲಿನ ಕೈ ಹಿಡಿಯಬೇಕು;
ಸೋತಾಗ, ಸ್ಪ್ರಿಂಗು ನೂಕಿದಷ್ಟು ಬಿಡಬೇಕು.
ಈಗ ಹಪ್ಪಳ. ಬಿಸಿಲಿಗೆ ಹಿಡಿದ:
ನಡುವೆ ಸೂಜಿಮೊನೆಯಷ್ಟು ಹಗಲು.

ಕಲಬುರಗಿಯಲ್ಲಿ ಹೊಸದು ಸಿಗುವುದಿಲ್ಲ.
ಲಾಡ್ಲೇಸಾಬ ಫೋನು ಮಾಡಿದ್ದು ಜಟ್ಟೆಪ್ಪನಿಗೆ,
ಮೊಹರಂಗೂ ಮದುವೆಗೂ ಮಣ್ಣಿಗೂ
ಹಲಗಿ ಕಟ್ಟುವವನಿಗೆ.
ಸೈಕಲ್ಲಿನ ಹಿಂದೆ ಸುರುಳಿ ಸುತ್ತಿದ ಆಡಿನ ತೊಗಲು.
ಹಳೆಯದನ್ನು ಬೆರಳಲ್ಲಿ ತಿಕ್ಕಿ, ಮೂಸಿ, ಕೇಳಿದ:
"ಇದಕ್ಕ ಬಡಿತಾರೇನು?"
"ಇಲ್ಲೋ. ಸುಮ್ನ ಉಸಿರಾಡ್ತದ."
"ಹಂಗಾದ್ರ ಬೆನ್ನಿಂದು ಬ್ಯಾಡ. ಹೊಟ್ಟಿ ತೊಗಲು ಬೇಕು."

ಕತ್ತರಿಸಿ, ಔಡಲೆಣ್ಣೆ ಕುಡಿಸಿ, ರಾತ್ರಿಯಿಡೀ
ಹಾಸುಗಲ್ಲಿನ ಕೆಳಗೆ ಇಟ್ಟರು.
ಬೆಳಗ್ಗೆ ಕೂಡಿಸಿ, ಸರಳನ್ನು ಒತ್ತಿ,
ನಳಿಗೆಯ ಬಾಯಿಗೆ ಹೆಬ್ಬೆರಳು ಇಟ್ಟು ಬಿಟ್ಟ.
ಉಗುರಿನಷ್ಟು ಸರಿಯಿತು. ನಿಂತಿತು.
ಎಷ್ಟು ಹೊತ್ತು ನಿಲ್ಲುವುದೋ ಎಂದು
ನಾವೂ ಉಸಿರು ಬಿಗಿಹಿಡಿದೆವು.
ತೊಗಲು ನಮಗಿಂತ ಹೆಚ್ಚು ಹೊತ್ತು ಹಿಡಿಯಿತು.

ಇನ್ನು ಸಣ್ಣ ಸ್ಕ್ರೂ, ಲೀವರು ಪೂರಾ ಇಳಿಸಿದಾಗಿನ ನಡೆಗೆ.
ಕಾಲು ಸುತ್ತು. ಅದರರ್ಧ.
ಜಟ್ಟೆಪ್ಪ ಮಡ್‌ಗಾರ್ಡಿನ ಮೇಲೆ ಎರಡು ಬೆರಳು ಆಡಿಸುತ್ತ
"ಇದು ಮಣ್ಣಿನ ನಡಿಗಿ ಆಯ್ತು. ಜರಾ ಎತ್ತು" ಅಂದ.
ಎತ್ತಿದ. "ಹಾಂ, ಬೀಗರ್ನ ಎದುರುಗೊಳ್ಳೋದು."
ಅಲ್ಲಿಗೇ ನಟ್ಟು ಬಿಗಿಯಿತು.
ದೊಡ್ಡ ಸ್ಕ್ರೂ ಹಳೇ ಗುರುತಿಗೆ ಬಂತು; ತಂತಿ, ಸೀಸ.
ಇಕ್ಕಳದಿಂದ ಸೀಸ ಅದುಮುವಾಗ
ಲಾಡ್ಲೇಸಾಬ ಸೂಗಪ್ಪನನ್ನೇ ನೋಡುತ್ತಿದ್ದ.

ಮರುದಿನ ಕಣದಲ್ಲಿ
ಯಾರೋ ತೊಗರಿ ಕಟ್ಟು ಬಿಚ್ಚದೇ ಮಷಿನ್ನಿಗೆ ತುರುಕಿದರು.
ದನಿ ತಗ್ಗಿತು, ಮೊಣಕಾಲು ಮಡಿಚಿದ ಎತ್ತಿನ ಹಾಗೆ.
ನನ್ನ ಕೈ ತಾನಾಗಿ ಲೀವರಿಗೆ ಹೋಯಿತು.
ಅದು ಮುಟ್ಟುವ ಮೊದಲೇ, ಒಂದು ಕಪ್ಪು ಹೊಗೆ ಉಗುಳಿ,
ಗಾಡಿ ಎದ್ದು ನಿಂತು ನಡೆಯಿತು.
ಕೈಗೆ ಕೆಲಸವಿರಲಿಲ್ಲ. ಸೆರಗು ಸರಿ ಮಾಡಿಕೊಂಡೆ.

ಲಾಡ್ಲೇಸಾಬ ಮುನ್ನೂರು ತಗೊಂಡ.
ಜಟ್ಟೆಪ್ಪ ರೊಕ್ಕ ಮುಟ್ಟಲಿಲ್ಲ, ಆಡಿಗೆ
ನಾಲ್ಕು ಚೀಲ ತೊಗರಿ ಹೊಟ್ಟು ಸಾಕೆಂದ.
ನಾಲ್ಕನೆಯ ಚೀಲದಲ್ಲಿ ರುಮಾಲು ಸಿಕ್ಕಿತಂತೆ.
ನಿನ್ನೆ ತಂದುಕೊಟ್ಟ.
ಒಂದು ಅಂಚು ಆಡು ತಿಂದಿದೆ.