ಮುಚ್ಚಳ

ಹಾರ್ಲಿಕ್ಸ್ ಬಾಟಲಿಯಲ್ಲಿ ತಂದಿದ್ದಳು ಸುಗಿಯಾ,
ಮುಚ್ಚಳ ಬಿಗಿದು, ಮೇಲೊಂದು ಕರ್ಚೀಫು ಸುತ್ತಿ.
ಮಗಳಿಂದ ಬಿತ್ತು ಎಂದಳು, ಅರ್ಧ ಹಿಂದಿ, ಅರ್ಧ ಕೈಸನ್ನೆ.
ಒಳಗೊಂದು ಎಲೆ.
ಮಾಂಸದ ಬಣ್ಣ, ಹೆಬ್ಬೆರಳುದ್ದ,
ಇನ್ನೂ ಅಂಚು ಮಡಚುತ್ತ, ಬಿಚ್ಚುತ್ತ.

ಇಪ್ಪತ್ತಾರು ವರ್ಷ, ಈ ಕಲಾಸಿಪಾಳ್ಯದ ಲ್ಯಾಬಿನಲ್ಲಿ
ಊರ ಹೊಟ್ಟೆಯೆಲ್ಲ ನನ್ನ ಗಾಜಿನ ಮೇಲೆ ಹಾದಿದೆ.
ಜಂತುಹುಳ ಗೊತ್ತು, ಕೊಕ್ಕೆಹುಳ ಗೊತ್ತು,
ಚಾಟಿಹುಳದ ಮೊಟ್ಟೆ, ಎರಡು ತುದಿಗೂ ಬಿರಡೆ,
ನಿದ್ದೆಗಣ್ಣಲ್ಲೂ ಹೇಳಿಯೇನು.
ಇದು ಪರೀಕ್ಷೆಗೆ ಓದಿ ಮರೆತ ಪುಟ.

ಕಣ್ಣಿಟ್ಟೆ.
ಹಳದಿ, ದೊಡ್ಡದು, ತೆಳು ಚಿಪ್ಪು,
ತುದಿಯಲ್ಲಿ ಗೆರೆಯಷ್ಟೇ ಕಾಣುವ ಮುಚ್ಚಳ.
ಎಷ್ಟು ಮರ್ಯಾದಸ್ತ ಮುಚ್ಚಳ!
ನೀರು ಸಿಗುವ ತನಕ ತೆರೆಯದು.
ಆಮೇಲೆ ಬಸವನಹುಳು ಬೇಕು, ಅದೂ ಚಪ್ಪಟೆ ಸುರುಳಿಯದು,
ಆಮೇಲೆ ನೀರಿನ ಬಳ್ಳಿ, ಬಳ್ಳಿಯ ಕಾಯಿ,
ಕಾಯಿ ಕಚ್ಚಿ ಸಿಪ್ಪೆ ಸುಲಿಯುವ ಹಲ್ಲು.
ಒಂದು ತಪ್ಪಿದರೂ ಸಂಸಾರವಿಲ್ಲ.

ಫಾರಂ ತುಂಬಿದೆ. ಹೆಸರು ರುನ್ನಿ. ವಯಸ್ಸು ಒಂಬತ್ತು.
ವಿಳಾಸ?
ಸುಗಿಯಾ ಸುಮ್ಮನೆ ನಿಂತಳು.
ವರ್ತೂರಿನಾಚೆ ನೀಲಿ ತಗಡಿನ ಶೆಡ್ಡು,
ಬಿಲ್ಡಿಂಗು ಮುಗಿದರೆ ಅದೂ ಇಲ್ಲ.
"ನೊರೆ ಕೆರೆ ಪಕ್ಕ ಆಂಟಿ," ಹುಡುಗಿ ಕನ್ನಡದಲ್ಲೇ ಅಂದಿತು.
ಆ ನೊರೆಯಲ್ಲಿ ಬಸವನಹುಳುವಿಗೂ
ಬಾಡಿಗೆ ಮನೆ ಸಿಕ್ಕದು. ಬೇರೆಲ್ಲಿಂದಲೋ ಬಂದದ್ದು.

ಡಾಕ್ಟರ್ ಅಂಜುಮ್ ಕೇಳಿದರು: ಊರಿಗೆ ಹೋಗಿದ್ಯಾ? ಏನ್ ತಿಂದೆ?
ಊದಿದ ಮುಖದಲ್ಲೇ ನಕ್ಕು
ತಲೆಗೆ ಎರಡು ಬೆರಳಿಟ್ಟು ಕೊಂಬು ಮಾಡಿತು:
ಸಿಂಘಾಡ!
ದರ್ಭಂಗಾದ ಅಜ್ಜಿಯ ಹೊಂಡ, ಕುತ್ತಿಗೆ ಮಟ್ಟ ನೀರು,
ಹಲ್ಲಲ್ಲೇ ಸುಲಿಯೋದು, ಅಜ್ಜಿ ಕಲಿಸಿದ್ದು.
ಬಾಯಿ ತೆರೆದು ತೋರಿಸಿತು. ಮುಂದಿನ ಹಲ್ಲೊಂದು ಇರಲಿಲ್ಲ.

ಮಾತ್ರೆ ಒಂದೇ ದಿನದ್ದು, ಮೂರು ಹೊತ್ತು.
ಇನ್ಮೇಲೆ ಮುಟ್ಟಬೇಡ ಎನ್ನಲು ಹೊರಟ ನನ್ನ ಬಾಯಿ
ಬೇಯಿಸಿ ತಿನ್ನು ಎಂದಿತು.

ಸಂಜೆ ಮಾರ್ಕೆಟ್ಟಿನ ಫ್ಲೈಓವರಿನಡಿ
ಗೋಣಿಯ ಮೇಲೆ ಕರಿಕೊಂಬಿನ ಗುಡ್ಡೆ.
ಇಷ್ಟು ವರ್ಷ ನೋಡದೇ ದಾಟಿದೆನೋ, ಇಂದೇ ಬಂದವೋ.
ಕಾಲು ಕೇಜಿ ಕೊಂಡೆ.
ಕುಕ್ಕರು ನಾಲ್ಕು ಸಲ ಕೂಗಿತು. ಸಾಲದೆಂದು ಮತ್ತೆರಡು.
ಗೆಣಸಿಗಿಂತ ತೆಳುವಾದ ಸಿಹಿ,
ಹಿಂದೆಯೇ ಚೂರು ಕೆಸರು.

ಹೋಗುವಾಗ ಸುಗಿಯಾ ಬಾಟಲಿ ವಾಪಸ್ಸು ಕೇಳಿದ್ದಳು,
ಉಪ್ಪು ಹಾಕುವುದಂತೆ.
ಎಲೆಯನ್ನು ಫಾರ್ಮಲಿನ್ನಿಗೆ ಜಾರಿಸಿ,
ಬಾಟಲಿ ಬಿಸಿನೀರಲ್ಲಿ ತೊಳೆದು ಕೊಟ್ಟೆ.
ಮುಚ್ಚಳ ಮಾತ್ರ ಎರಡು ಸಲ.